ಮೌಲ್ಯಗಳ ಫಲಕವೂ ಶೇಷಮ್ಮನವರ ಗೋಡೆಯೂ

ಒಂದು ಊರು. ಆ ಊರಲ್ಲಿ ಒಬ್ಬ ಅನುಕೂಲಸ್ಥನಿದ್ದ. ಅವನ ಕಸುಬು ಏನು ಗೊತ್ತೇ? ಬೇರೆಯವರ ಮನೆಯ ಒಳಗನ್ನು ಚೆಂದ ಮಾಡಿಕೊಡುವುದು. ಈಗ ನೀವೆಲ್ಲ ಇಂಟೀರಿಯರ್ ಡಿಸೈನ್ ಅನ್ನುತ್ತೀರಲ್ಲ, ಅದೇ. ಯಾವ ಗೋಡೆ ಇರಬೇಕು, ಯಾವುದು ಹೋಗಬೇಕು, ಅಡುಗೆಕಟ್ಟೆ ಎತ್ತ ತಿರುಗಬೇಕು, ಎಲ್ಲವನ್ನೂ ಕಾಗದದ ಮೇಲೆ ಬರೆದು ಹಾಗೆಯೇ ಮಾಡಿಸಿಕೊಡುತ್ತಿದ್ದ. ಕೆಟ್ಟವನಲ್ಲ. ನೋಡಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೆಟ್ಟವನಲ್ಲ. ಕಥೆಯಲ್ಲಿ ಕೆಟ್ಟವನೊಬ್ಬ ಸಿಕ್ಕಿಬಿಟ್ಟರೆ ನಮಗೆಲ್ಲ ಸುಲಭ. ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿ ಪ್ರಸಾದಕ್ಕೆ ಎದ್ದು ಹೋಗಬಹುದು. ಇಲ್ಲಿ ಆ ಸೌಕರ್ಯ ಇಲ್ಲ.

ಅವನಿಗೆ ಒಂದು ಆಸೆ ಹುಟ್ಟಿತು. ತನ್ನ ಸಂಸ್ಥೆ ಯಾವುದನ್ನು ನಂಬಿ ನಡೆಯುತ್ತದೆ ಎಂದು ನಾಲ್ಕು ಸಾಲು ಬರೆಸಿ, ‘ನಮ್ಮ ಮೌಲ್ಯಗಳು’ ಎಂದು ಕಚೇರಿಯ ಬಾಗಿಲಲ್ಲಿ ಹಾಕಬೇಕು. ಒಳ್ಳೆಯ ಆಸೆಯೇ. ಅದಕ್ಕಾಗಿ ಮ್ಯಾನೇಜರನನ್ನು ಎದುರಿಗೆ ಕೂರಿಸಿಕೊಂಡ.

“ಮೊದಲು ಪ್ರಾಮಾಣಿಕತೆ ಅಂತ ಹಾಕೋಣ.”

“ಸಾರ್, ಅದನ್ನ ಎಲ್ಲರೂ ಹಾಕ್ತಾರೆ. ಎದುರುಗಡೆ ಚಿನ್ನದಂಗಡಿಯವರೂ ಹಾಕಿದಾರೆ.”

“ಅವರು ಹಾಕಿದಾರೆ ಅಂತ ನಾವು ಬಿಟ್ಟುಬಿಡೋದೇನ್ರೀ?”

“ಬಿಡೋದು ಬೇಡ ಸಾರ್. ಎರಡನೇದಕ್ಕೆ ಇಳಿಸೋಣ.”

ಇಳಿಸಿದರು. ನೀವು ನಗುತ್ತಿದ್ದೀರಿ. ನಗಿ. ಆಮೇಲೆ ನಗುವುದಕ್ಕೆ ಜಾಗ ಸಿಗುವುದಿಲ್ಲ.

ಮೊದಲನೆಯ ಸಾಲಿಗೆ ಏನು ಬಂತು? ‘ಮನೆಯವರ ಮಾತನ್ನು ಮೊದಲು ಆಲಿಸುತ್ತೇವೆ.’ ಎಂಥ ಮಾತು! ಕೇಳುತ್ತೇವೆ ಎಂದಿರಲೋ ಆಲಿಸುತ್ತೇವೆ ಎಂದಿರಲೋ ಎಂದು ಎರಡು ವಾರ ಯೋಚಿಸಿದರಂತೆ. ಆ ಎರಡು ವಾರದಲ್ಲೇ ಶುರುವಾದದ್ದು ಈ ಕಥೆ.

ಅದೇ ಊರಲ್ಲಿ ಶೇಷಮ್ಮ ಎಂಬ ಹಿರಿಯರು. ಮಗ, ಸೊಸೆ ಜೊತೆಗಿದ್ದರು, ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಕಣ್ಣಿನ ನರ ಒಣಗಿ ಶೇಷಮ್ಮನವರಿಗೆ ಪೂರ್ತಿ ಕಾಣದಾಗಿ ಆರು ವರ್ಷ. ಆದರೂ ಬೆಳಿಗ್ಗೆ ಮನೆಮಂದಿಗೆಲ್ಲ ಕಾಫಿ ಮಾಡುತ್ತಿದ್ದವರು ಅವರೇ. ಹೇಗೆ? ಪದ್ಯದಿಂದ. ಅವರ ತಂದೆ ಕಾವ್ಯ ವಾಚನ ಮಾಡುತ್ತಿದ್ದವರು. ಮಗಳಿಗೆ ನೂರಾರು ಷಟ್ಪದಿ ಬಾಯಿಗೆ ಬರುತ್ತಿತ್ತು. ಷಟ್ಪದಿ ಎಂದರೆ ಆರು ಸಾಲು, ಮೂರನೆಯದೂ ಆರನೆಯದೂ ಉದ್ದ. ಮಂಚದಿಂದ ಬಾಗಿಲಿಗೆ ಮೊದಲ ಎರಡು ಸಾಲು. ಬಲಗೈಯನ್ನು ಗೋಡೆಯ ಮೇಲೆ ಆಡಿಸುತ್ತ ನಡೆದರೆ ಉದ್ದದ ಮೂರನೆಯ ಸಾಲು. ನಾಲ್ಕು, ಐದಕ್ಕೆ ಗೋಡೆ ತಿರುಗಿ ಅಡುಗೆಮನೆ. ಆರನೆಯ ಸಾಲಿನ ಕೊನೆಯ ಅಕ್ಷರಕ್ಕೆ ಕೈ ಒಲೆಯ ಕಟ್ಟೆ ಮುಟ್ಟಬೇಕು. ದಿನವೂ ಮುಟ್ಟುತ್ತಿತ್ತು. ಕಣ್ಣಿರುವ ನಾವು ಕತ್ತಲಲ್ಲಿ ಎಡವುತ್ತೇವೆ. ಆ ತಾಯಿ ಎಡವುತ್ತಿರಲಿಲ್ಲ.

ಮಗನಿಗೆ ಮನೆಯನ್ನು ಹೊಸದು ಮಾಡಿಸುವ ಮನಸ್ಸಾಯಿತು. ನಮ್ಮ ಅನುಕೂಲಸ್ಥನಿಗೇ ಕೆಲಸ ಕೊಟ್ಟ. ಅಳತೆಗೆ ಬಂದವರು ಬಡಗಿ ನಂಜುಂಡಾಚಾರ್. ಅವರು ಟೇಪು ಹಿಡಿದು ನಿಂತಿದ್ದಾಗ ಪದ್ಯ ಹೇಳುತ್ತ ಬಂದ ಶೇಷಮ್ಮ ಗಕ್ಕನೆ ನಿಂತರು.

“ಯಾರಪ್ಪಾ ಅದು? ಮೂರನೇ ಸಾಲಲ್ಲಿ ನಿಂತಿದ್ದೀಯಲ್ಲ, ಪಕ್ಕಕ್ಕೆ ಸರಿ.”

“ನಾನು ತಾಯಿ, ನಂಜುಂಡಾಚಾರಿ. ಅಳತೆಗೆ ಬಂದಿವ್ನಿ.”

“ಅಯ್ಯೋ, ಆಚಾರ್ರಾ? ಯಾವ ಬಣ್ಣನಾದ್ರೂ ಹೊಡೀರಿ, ಯಾವ ಕಲ್ಲಾದ್ರೂ ಹಾಕಿ, ನನಗೇನು ಕಾಣುತ್ತಾ? ಈ ಗೋಡೆ, ಆ ಒಲೆ, ಎರಡನ್ನು ಮಾತ್ರ ಕದಲಿಸಬೇಡಿ. ನಿಮ್ಮ ಯಜಮಾನರಿಗೆ ಹೇಳ್ತೀರಲ್ಲ?”

“ಹೇಳ್ತೀನಿ ತಾಯಿ.”

ಆದರೆ ಕಾಗದದಲ್ಲಿ ಆ ಗೋಡೆ ಆಗಲೇ ಇರಲಿಲ್ಲ. ಹಾಲೂ ಅಡುಗೆಮನೆಯೂ ಒಂದೇ, ನಡುವೆ ಗ್ರಾನೈಟಿನ ಹೊಸ ಕಟ್ಟೆ, ಒಲೆ ಬೇರೆ ಮೂಲೆಗೆ. ಆ ಕಸುಬಿನಲ್ಲಿ ಒಂದು ಪದ್ಧತಿ: ಸಹಿ ಹಾಕುವವರ ಹತ್ತಿರ ಮಾತ್ರ ಕೇಳುವುದು. ಸಹಿ ಮಗನದು. ಇನ್ನೊಂದು ಪದ್ಧತಿ: ನಕ್ಷೆಯ ವಿಚಾರವನ್ನು ಕೆಲಸದವರು ಮನೆಯವರೊಡನೆ ಎತ್ತಬಾರದು. ಹಾಗಾಗಿ ಆಚಾರ್ರು ಮಗನಿಗೆ ಹೇಳಲಿಲ್ಲ, ಕಚೇರಿಗೇ ಹೋದರು. ಅಷ್ಟರಲ್ಲಿ ಮಗ, ಅಮ್ಮನಿಗೆ ಆಶ್ಚರ್ಯವಾಗಲಿ ಎಂದು, ಏನೇನು ಬದಲಾಗುತ್ತದೆ ಎಂದು ತಿಳಿಸದೆ ಶೇಷಮ್ಮನವರನ್ನು ತನ್ನ ಅಕ್ಕನ ಮನೆಗೆ ಕಳಿಸಿಬಿಟ್ಟ.

ಆಚಾರ್ರು ಗಾಜಿನ ಬಾಗಿಲು ತಳ್ಳಿದರು. ಯಜಮಾನ ತಲೆಯೆತ್ತಿ, “ಹತ್ತು ನಿಮಿಷ ಆಚಾರ್ರೇ. ‘ಆಲಿಸುತ್ತೇವೆ’ ಅನ್ನೋ ಸಾಲಲ್ಲಿದೀವಿ” ಎಂದ.

ಕೇಳಿದಿರಾ? ಆಲಿಸುತ್ತೇವೆ ಎಂದು ಬರೆಯುವುದರಲ್ಲಿ ಆಲಿಸುವುದಕ್ಕೆ ಪುರುಸೊತ್ತಾಗಲಿಲ್ಲ.

ಬಟ್ಟೆಯ ಮೇಲಿನ ಮರದ ಹೊಟ್ಟು ಸೋಫಾಕ್ಕೆ ಹತ್ತೀತೆಂದು ಆಚಾರ್ರು ಒಂದು ಗಂಟೆ ನಿಂತೇ ಇದ್ದು ಹಿಂದಿರುಗಿದರು. ಮೂರನೆಯ ದಿನ ಮತ್ತೆ ಹೋದರು. ಅವತ್ತು ಮಾತಿಗೆ ಸಿಕ್ಕಿದ.

“ಗೋಡೆನಾ? ಡ್ರಾಯಿಂಗ್ ಮೇಲೆ ಮನೆಯವರೇ ಸಹಿ ಹಾಕಿದಾರಲ್ರೀ.”

“ಅಮ್ಮಾವ್ರು ಬೇಡ ಅಂದವ್ರೆ ಸಾರ್. ಅವರಿಗೆ ಕಣ್ಣು...”

“ನಾಲ್ಕು ದಿನ ಕಷ್ಟ ಆಗುತ್ತೆ, ಆಮೇಲೆ ಹೊಂದ್ಕೋತಾರೆ. ನೀವು ಕೆಲಸ ನೋಡಿ.”

“ಆಯ್ತು ಬಿಡಿ ಸಾರ್” ಎಂದರು ಆಚಾರ್ರು. ಮಾರನೆಯ ಬೆಳಿಗ್ಗೆ ಗೋಡೆ ಬಿತ್ತು. ಆ ಜಾಗದಲ್ಲಿ ಕಟ್ಟೆಗೆ ಚೌಕಟ್ಟು ಕೂರಿಸಿದ್ದು ಆಚಾರ್ರ ಕೈಗಳೇ.

ಮನೆ ಮುಗಿಯಿತು. ಒಂದು ಸಂಜೆ ಪೂಜೆ, ಊಟ, ನೆಂಟರಿಷ್ಟರು. ಬಂದವರೆಲ್ಲ ಹೊಗಳಿದರು. ಅವತ್ತೇ ಅಕ್ಕನ ಮನೆಯಿಂದ ಬಂದಿದ್ದ ತಾಯಿಯನ್ನು ಮಗ ಕೈ ಹಿಡಿದು ಕೋಣೆಗೆ ಕರೆತಂದು, “ದಣಿದಿದ್ದೀಯ ಮಲಕ್ಕೋಮ್ಮ, ನಾಳೆ ಎಲ್ಲಾ ಹೇಳ್ತೀನಿ” ಎಂದ. ಆ ತಾಯಿಗೋ ಸಂತೋಷ. ನಾಳೆ ಎಲ್ಲರಿಗೂ ಮೊದಲು ಎದ್ದು, ಹೊಸ ಮನೆಯಲ್ಲಿ ಮೊದಲ ಕಾಫಿ ತಾನೇ ಮಾಡಬೇಕು ಎಂದುಕೊಂಡೇ ಮಲಗಿದರು.

ಎದ್ದರು. ಒಂದು ಸಾಲು, ಎರಡು ಸಾಲು, ಬಾಗಿಲು ಸಿಕ್ಕಿತು. ಮೂರನೆಯ ಸಾಲಿಗೆ ಬಲಗೈ ಚಾಚಿದರು. ಗಾಳಿ. ತಾನೇ ತಪ್ಪಿದೆ ಎಂದುಕೊಂಡರಂತೆ. ಗೋಡೆ ತಪ್ಪಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಮಂಚಕ್ಕೆ ಹಿಂದಿರುಗಿ ಮೊದಲಿನಿಂದ ಹೇಳಿಕೊಂಡು ಬಂದರು. ಮತ್ತೆ ಗಾಳಿ. ದೇವರನ್ನು ನೆನೆದು ಮುಂದಕ್ಕೇ ನಡೆದರು. ನಾಲ್ಕು. ಐದು. ಪದ್ಯ ಮುಗಿಯಿತು, ಒಲೆ ಸಿಗಲಿಲ್ಲ. ಸಿಕ್ಕಿದ್ದು ಹೊಸ ಕಟ್ಟೆಯ ಮೂಲೆ. ಬಿದ್ದರು. ಸೊಂಟದ ಮೂಳೆ ಮುರಿಯಿತು.

ಮೂಳೆ ಕೂಡಿತು, ಮೂರು ತಿಂಗಳು ಹಿಡಿಯಿತು. ನಡೆಯಬಹುದು ಎಂದರು ಡಾಕ್ಟರು. ಶೇಷಮ್ಮ ಎದ್ದೇಳಲಿಲ್ಲ. ಮಗ ಕೈ ಹಿಡಿಯಲು ಹೋದರೆ, “ಬೇಡಪ್ಪಾ, ಕಾಫಿ ಇಲ್ಲಿಗೇ ತಂದ್ಕೊಡು, ಕುಡೀತೀನಿ” ಎನ್ನುತ್ತಿದ್ದರು. ಆ ಮನೆಯಲ್ಲಿ ಪದ್ಯ ನಿಂತುಹೋಯಿತು.

ವಿಷಯ ಯಜಮಾನನ ಕಿವಿಗೆ ಬಿತ್ತು. ಬಂದ. ಆ ತಾಯಿಯ ಕಾಲ ಬಳಿ ಕೂತು ಅತ್ತ. ಅದು ನಿಜವಾದ ಅಳುವೇ. ತಾನೇ ಎದುರು ನಿಂತು, ಹಳೆಯ ಅಳತೆಯ ಚೀಟಿ ಹುಡುಕಿಸಿ, ಅದೇ ಜಾಗದಲ್ಲಿ ಅಷ್ಟೇ ಉದ್ದದ ಗೋಡೆ ಎಬ್ಬಿಸಿದ. ಒಲೆಯನ್ನು ಹಿಂದಿನ ಜಾಗದಲ್ಲೇ ಇಡಿಸಿದ. ಶೇಷಮ್ಮನವರನ್ನು ನಡೆಸಿಕೊಂಡು ಬಂದು ಗೋಡೆಯ ಮುಂದೆ ನಿಲ್ಲಿಸಿದರು. ಅವರು ಅಂಗೈ ಇಟ್ಟರು. ತುಂಬ ಹೊತ್ತು ಇಟ್ಟುಕೊಂಡೇ ಇದ್ದರು.

“ಚೆನ್ನಾಗಿ ಕಟ್ಟಿದೀರಪ್ಪಾ” ಎಂದರು. “ಆದ್ರೆ ಗೋಡೆನೂ ಒಂದಿನ ಇಲ್ಲದೇ ಹೋಗುತ್ತೆ ಅಂತ ಕೈಗೆ ಗೊತ್ತಾಗೋಯ್ತಲ್ಲ. ಅದು ಇನ್ನು ನಂಬಲ್ಲ. ನನ್ನ ಕೂರಿಸಿಬಿಡಿ.”

ಅಲ್ಲೇ ನಿಂತಿದ್ದ ಆಚಾರ್ರಿಗೆ ತಡೆಯಲಾಗಲಿಲ್ಲ. “ತಾಯಿ, ನಾನು ಹೇಳ್ದೆ. ಎರಡು ಸಲ ಹೋಗಿದ್ದೆ.”

“ಎರಡು ಸಲನಾ?” ಎಂದರು ಶೇಷಮ್ಮ.

ಕಥೆ ಇಷ್ಟೇ. ಇದಕ್ಕೆ ಸಮಾಧಾನದ ಕೊನೆ ಇಲ್ಲ. ನಾನು ಕಟ್ಟಿ ಹೇಳುವುದೂ ಇಲ್ಲ.

ಈಗ ಹೇಳಿ, ನಿಮ್ಮಲ್ಲಿ ಎಷ್ಟು ಜನ ಆ ಯಜಮಾನ? ಹಿರಿಯರು ದೇವರ ಸಮಾನ ಎಂದು ನಾವೆಲ್ಲ ಹೇಳುತ್ತೇವೆ. ಅಡುಗೆಮನೆಯ ಡಬ್ಬಿಗಳನ್ನು ಚೆಂದಕ್ಕೆಂದು ಬೇರೆ ಸಾಲಿಗೆ ಸರಿಸುವಾಗ, ಅದರಲ್ಲಿ ದಿನವೂ ಕೈ ಹಾಕುವವರನ್ನು ಕೇಳಿದ್ದೇವೆಯೇ? ಅಪ್ಪನ ಕುರ್ಚಿ ಹಳೆಯದಾಯಿತು ಎಂದು ಹೊರಗಿಟ್ಟೆವು, ಅಪ್ಪನನ್ನು ಕೇಳಿದೆವೇ? ಪ್ರೀತಿಯಿಂದಲೇ ಮಾಡಿದೆವು, ನಿಜ. ಆ ಮಗನೂ ಪ್ರೀತಿಯಿಂದಲೇ ಮಾಡಿದ. ಪ್ರೀತಿ ಇದ್ದರೆ ಕೇಳಬೇಕಾಗಿಲ್ಲ ಎಂದುಕೊಳ್ಳುತ್ತೇವೆ. ಪ್ರೀತಿ ಇದ್ದರೇ ಕೇಳಬೇಕು.

ಮತ್ತೆ, ಎಷ್ಟು ಜನ ಆ ಆಚಾರ್ರು? ತಪ್ಪು ಎಂದು ಗೊತ್ತು. ಎರಡು ಸಲ ಹೋಗಿದ್ದೇವೆ, ಹೇಳಿದ್ದೇವೆ. ಇನ್ನು ನಮ್ಮ ಹೊಣೆ ಇಲ್ಲ ಎಂದು ‘ಆಯ್ತು ಬಿಡಿ’ ಅನ್ನುತ್ತೇವೆ. ಮೂರನೆಯ ಸಲ ಹೋಗಿ. ಬೈಸಿಕೊಳ್ಳಿ, ಆದರೆ ಹೋಗಿ. ಆಗಲೂ ಕೇಳದಿದ್ದರೆ ಕೈಯಲ್ಲಿರುವ ಕೆಲಸವನ್ನು ಕೆಳಗಿಡಿ.

ಇಲ್ಲಿಂದ ಮನೆಗೆ ಹೋಗುತ್ತೀರಿ. ಈ ವಾರ ಯಾರಿಗಾದರೂ ‘ಆಮೇಲೆ ಹೇಳು’ ಎಂದು ಕಳಿಸಿದ್ದೀರಾ? ನೆನಪು ಮಾಡಿಕೊಳ್ಳಿ. ಹೆಂಡತಿಯೋ, ತಾಯಿಯೋ, ಮನೆಗೆಲಸಕ್ಕೆ ಬರುವವರೋ. ಹೋಗಿ ಅವರ ಹತ್ತಿರ ಕೂತು, ಅವತ್ತು ಏನೋ ಹೇಳಬೇಕು ಅಂದಿರಲ್ಲ, ಏನದು ಎಂದು ಕೇಳಿ. ಅವರು ‘ಏನಿಲ್ಲ ಬಿಡಿ’ ಅನ್ನುತ್ತಾರೆ. ಅನ್ನುತ್ತಾರೆ, ನನಗೆ ಗೊತ್ತು. ಆ ಮಾತು ಕೇಳಿ, ಸದ್ಯ ಏನೂ ಇಲ್ಲವಂತೆ ಎಂದು ಎದ್ದು ಬರಬೇಡಿ. ಕೂತಿರಿ. ಅವರು ಹೇಳುವವರೆಗೆ ಕೂತಿರಿ.