ಸಾಹುಕಾರ ಮುಚ್ಚಿಟ್ಟ ನೋವು

ಶರಣರೇ, ಮರ್ಯಾದೆ ಅನ್ನೋದು ಮನುಷ್ಯನಿಂದ ಏನೇನು ಮಾಡಿಸುತ್ತೆ ಗೊತ್ತಾ? ಹೇಳ್ತೀನಿ, ಕೇಳಿ.

ಒಂದೂರಲ್ಲಿ ಒಬ್ಬ ಸಾಹುಕಾರ. ಎಣ್ಣೆ ಗಿರಣಿ ಇತ್ತು, ನಾಲ್ಕು ಜನರಲ್ಲಿ ಮಾತು ನಡೀತಿತ್ತು, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ದಾಕ್ಷಾಯಿಣಿ. ಮದುವೆಯಾಗಿ ವರ್ಷ ತುಂಬೋದರೊಳಗೆ ಅವಳಿಗೆ ಹೊಟ್ಟೆನೋವು ಶುರುವಾಯ್ತು. ಎಂಥ ನೋವು? ನೆಲದ ಮೇಲೆ ಹೊರಳಾಡೋ ನೋವು. ವಾಂತಿ. ಕೈಕಾಲಲ್ಲಿ ಬಲ ಇಲ್ಲ. ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ. "ಕೆಲಸ ಕಂಡರೆ ಇವಳಿಗೆ ನೋವು" ಅಂತ ಗಂಡನ ಮನೆಯವರು ತವರಿಗೆ ಕಳಿಸಿದರು. ಹೆತ್ತ ಕರುಳು, ತಾಯಿ ಹರಕೆ ಹೊತ್ತಳು. ಮಗಳಿಗೆ ಸೋಮವಾರ ಉಪವಾಸ ಹಿಡಿಸಿದಳು. ನೋವು ಜಾಸ್ತಿಯಾಯ್ತು. ಗುರುವಾರವೂ ಹಿಡಿಸಿದಳು. ಇನ್ನೂ ಜಾಸ್ತಿಯಾಯ್ತು.

ಕೊನೆಗೆ ಸಾಹುಕಾರ ಅವಳನ್ನ ಪೇಟೆಯ ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಹೋದ.

"ಯಜಮಾನರೇ, ನಿಮ್ಮ ಕಡೆ ಯಾರಿಗಾದರೂ ಹೀಗೆ ಆಗ್ತಿತ್ತಾ?" ಅಂತ ಆಕೆ ಮಗಳನ್ನ ಹೊರಗೆ ಕೂರಿಸಿ ಕೇಳಿದರು. "ವಂಶದಲ್ಲಿ ಇಳಿದು ಬರೋ ಒಂದು ಕಾಯಿಲೆ ಇದೆ. ಜೀನ್ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ. ಅದೇ ಆಗಿದ್ದರೆ ಉಪವಾಸ ಇರೋ ಹಾಗಿಲ್ಲ, ಕೆಲವು ಮಾತ್ರೆ ಮುಟ್ಟೋ ಹಾಗಿಲ್ಲ."

ಸಾಹುಕಾರನ ಕಣ್ಣ ಮುಂದೆ ತಂಗಿ ಬಂದು ನಿಂತಳು. ಹರೆಯದಲ್ಲಿ ಹೀಗೇ ಹೊರಳಾಡಿ ಸತ್ತ ತಂಗಿ. ಹೆಂಡತಿಗೂ ಹೇಳಿರದ ಸಾವು. ಮಾತು ನಾಲಿಗೆ ತುದಿಗೆ ಬಂತು. ಆದರೆ ನೋಡಿ, ಚಿಕ್ಕ ಮಗಳಿಗೆ ಸಂಬಂಧ ಕುದುರಿತ್ತು. ವಂಶದಲ್ಲೇ ಕಾಯಿಲೆ ಅಂತ ಸುದ್ದಿಯಾದರೆ ಬೀಗರು ನಿಲ್ತಾರಾ?

"ನಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲಮ್ಮ," ಅಂದ. ಪರೀಕ್ಷೆಯೂ ಬೇಡ ಅಂದ.

ಶ್ರಾವಣ ಬಂತು. ದಾಕ್ಷಾಯಿಣಿ ಬರೀ ನೀರು ಕುಡಿದು ವ್ರತಕ್ಕೆ ಕೂತಳು. "ಈ ಸಲ ದೇವರು ಕಣ್ಣು ಬಿಡ್ತಾನೆ, ಅಪ್ಪಾ," ಅಂದಳು. ಅವನು ತಡೀಲಿಲ್ಲ. ಡಾಕ್ಟರಮ್ಮನ ಮಾತು ಕಿವಿಯಲ್ಲೇ ಇತ್ತು, ಆದರೂ ತಡೀಲಿಲ್ಲ. ತಡೆದರೆ ಹೆಂಡತಿ ಯಾಕೆ ಅಂತ ಕೇಳ್ತಾಳಲ್ಲ! ನೋವು ಎದ್ದಿತು. ಕಾಲು ಸೋತವು, ಕೈ ಸೋತವು, ವಾರದೊಳಗೆ ಉಸಿರೂ ಸೋತಿತು. ಆಸ್ಪತ್ರೆಯ ದಾರಿಯಲ್ಲಿ ಮಗಳು ಅವನ ತೊಡೆ ಮೇಲೇ ಹೋದಳು.

ಕೆಲವು ತಿಂಗಳಿಗೆ ಚಿಕ್ಕವಳು ಹೊಟ್ಟೆ ಹಿಡ್ಕೊಂಡು ಬಂದಳು. "ಅಪ್ಪಾ, ನಂಗೂ ಬಂತು."

ಅವತ್ತು ಸಾಹುಕಾರ ಡಾಕ್ಟರಮ್ಮನ ಮುಂದೆ ಕೈಮುಗಿದು ತಂಗಿಯ ಹೆಸರು ಹೇಳಿದ. ಮಗಳ ರಕ್ತದ ಜೊತೆ ತನ್ನದನ್ನೂ ಪರೀಕ್ಷೆಗೆ ಕೊಟ್ಟ. ಕಾಯಿಲೆ ಅವನ ಕಡೆಯಿಂದಲೇ ಬಂದಿತ್ತು. ಅವನನ್ನ ನೋಯಿಸದೆ ಮಕ್ಕಳಿಗೆ ಇಳಿದಿತ್ತು.

ಚಿಕ್ಕವಳು ಬದುಕಿದ್ದಾಳೆ. ಕಾಯಿಲೆ ಹೋಗಿಲ್ಲ; ಅದರ ಗುಣ ಗೊತ್ತಾಗಿದೆ, ಅಷ್ಟೇ. ಹೊತ್ತು ಹೊತ್ತಿಗೆ ಉಣ್ತಾಳೆ, ಡಾಕ್ಟರಮ್ಮನನ್ನ ಕೇಳದೆ ಒಂದು ಮಾತ್ರೆಯನ್ನೂ ನುಂಗಲ್ಲ. ನೋವು ಯಾವಾಗಲೋ ಒಮ್ಮೆ ಬರುತ್ತೆ, ಹೋಗುತ್ತೆ. ಅವಳು ಉಣ್ಣೋಕೆ ಕೂತರೆ ಸಾಹುಕಾರ ಮಾತ್ರ ಅಲ್ಲಿಂದ ಎದ್ದು ಹೋಗ್ತಾನೆ. ಆ ತುತ್ತು ದೊಡ್ಡವಳ ಬಾಯಿಗೂ ಬೀಳಬಹುದಿತ್ತಲ್ಲ!

"ಅಯ್ಯೋ ಪಾಪಿ" ಅಂದಿರಾ? ಅನ್ನಬೇಡಿ. ನಿಮ್ಮ ಮನೆಯಲ್ಲಿ ಯಾವ ಕಾಯಿಲೆಯ ಹೆಸರನ್ನ ಪಿಸುಮಾತಲ್ಲಿ ಹೇಳ್ತೀರಿ? ಡಾಕ್ಟರು ಕೇಳಿದಾಗ ಯಾರ ಸಾವನ್ನ ನುಂಗಿಕೊಂಡಿರಿ? ನಾಳೆ ಹೋಗಿ ಹೇಳಿ. ಪರೀಕ್ಷೆ ಮಾಡಿಸಿ ಅಂದರೆ ಮಾಡಿಸಿ. ಗೊತ್ತಾದದ್ದನ್ನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ತಿಳಿಸಿ, ಅವರಿಗೂ ಮಕ್ಕಳಿದ್ದಾರೆ.

ತಾಯಂದಿರೇ, ಕಾಯಿಲೆಯವಳು ನಿಮ್ಮ ಮನೆಯಲ್ಲಿ ಉಪವಾಸ ಕೂತಿದ್ದರೆ, ಈಗಲೇ ಹೋಗಿ ಎಬ್ಬಿಸಿ, ಬಡಿಸಿ. ವ್ರತ ಕೆಟ್ಟ ಪಾಪ ಬಂದರೆ ನನ್ನ ತಲೆಗೆ ಬರಲಿ.