ಸರೋವರದ ಖಾಲಿ ಮೂಲೆ

ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಿ... ಹ್ಞಾಂ, ಸಾಕು. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು.

ಅಕ್ಕ ಆವತ್ತು ಆಫೀಸಿಂದ ಹೊರಡೋ ಹೊತ್ತಿಗೆ ಕತ್ತಲಾಗಿತ್ತು. ಕಾಂಪೌಂಡಿನ ಹಿಂದೆ ಒಂದು ಹಾಳು ಬಾವಿ. ಮೇಲೆ ತಗಡು ಮುಚ್ಚಿದ್ದಾರೆ. ಅದನ್ನ ದಾಟಿಯೇ ಮನೆಗೆ ಹೋಗ್ಬೇಕು.

ಅವಳ ಕೆಲಸ ಹಳೇ ನಕ್ಷೆಗಳನ್ನ ಹೊಸ ಹಾಳೆಗೆ ಇಳಿಸೋದು. ಆವತ್ತಿನದು, ನರಪಿಳ್ಳೆಯೂ ಇಲ್ಲದ ಬೆಟ್ಟಗಳ ನಡುವಿನ ಒಂದು ಸರೋವರ. ಮುತ್ತಜ್ಜಂದಿರ ಕಾಲದ ಸರ್ವೆಯವರು ದೋಣೀಲಿ ಕೂತು, ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಆಳ ಅಳೆದು ಬರೆದಿದ್ರು. ಒಂದು ಮೂಲೆ ಮಾತ್ರ ಖಾಲಿ.

"ಖಾಲಿ ಬಿಟ್ರೆ ಚೆನ್ನಾಗಿರಲ್ಲಮ್ಮ. ಅಕ್ಕಪಕ್ಕ ನೋಡಿ ಒಂದು ಅಂಕಿ ಹಾಕ್ಬಿಡು," ಅಂದ್ರು ಸಾಹೇಬ್ರು.

ಹಾಕಿದ್ಲು. ಸೊಂಟದಷ್ಟು ನೀರು ಅಂತ. ಹಾಳೆ ಆವತ್ತೇ ಅದೇ ಆಫೀಸಲ್ಲಿದ್ದ ಅವಳ ಗಂಡ, ನಮ್ಮ ಭಾವನ ಕೈ ಸೇರ್ತು. ಬೆಳಿಗ್ಗೆ ಆ ಸರೋವರಕ್ಕೆ ಸರ್ವೆಗೆ ಹೊರಡೋರು ಅವರೇ.

ಬಾವಿ ಹತ್ರ ಬಂದ್ಲು... ಜರ್ರ್... ಜರ್ರ್... ದೋಣಿ ಅಂಚಿಗೆ ಹಗ್ಗ ಉಜ್ಜೋ ಹಾಗೆ ಸದ್ದು. ತಗಡಿನ ಕೆಳಗಿಂದ.

"ಯಾರು?"

"ಹಗ್ಗ ಇನ್ನೂ ಬಿಡು..." ಗಂಡಸಿನ ದನಿ. ಪಿಸುಮಾತು. "ತಳ ಸಿಕ್ಕಿಲ್ಲ..."

"ಯಾವುದರ ತಳ?"

"ನೀನು ಬರೆದೆಯಲ್ಲ... ಅಲ್ಲೀದು."

ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಓಡಿಬಂದು ಎಲ್ಲ ಹೇಳಿದ್ದಾಳೆ. ಭಾವ ನಗಲಿಲ್ಲ. ಹಾಳೆ ತೆಗೆದು ಆ ಅಂಕಿ ಹೊಡೆದುಹಾಕಿದ್ರು.

ಮಾರನೇ ದಿನ ಭಾವನ ಜೊತೆ ಹೋದ ದೋಣಿಯವನನ್ನ ಎಲ್ಲರೂ ಉದ್ದಣ್ಣ ಅಂತಿದ್ರು. ಬಾಗಿಲಲ್ಲಿ ಬಗ್ಗಿಯೇ ಬರ್ಬೇಕಿತ್ತು, ಅಷ್ಟೆತ್ತರ. ಸರೋವರದಲ್ಲಿ ಗಾಳಿಗೆ ದೋಣಿ ಆ ಮೂಲೆಗೇ ಸೇರ್ತು. ದಡ ಕೈಗೆಟುಕೋ ಹಾಗಿತ್ತು.

"ಇಳಿದು ಎಳೀತೀನಿ ಸಾರ್."

"ಬೇಡ ಕಣೋ. ಅಲ್ಲಿ ಆಳ ಎಷ್ಟಿದೆಯೋ ಗೊತ್ತಿಲ್ಲ."

"ನನ್ನ ಮುಳುಗಿಸೋ ನೀರು ಇನ್ನೂ ಹುಟ್ಟಿಲ್ಲ ಬಿಡಿ!"

ನಗ್ತಾನೇ ಇಳಿದ. ಬುಳಕ್... ಅಷ್ಟೇ. ಒಂದು ಗುಳ್ಳೆಯೂ ಮೇಲೆ ಬರ್ಲಿಲ್ಲ. ಭಾವ ಇದ್ದಬದ್ದ ಹಗ್ಗಕ್ಕೆಲ್ಲ ಗಂಟು ಹಾಕಿ ಇಳಿಬಿಟ್ರು. ತಳ ಮುಟ್ಟಲಿಲ್ಲ. ಹೆಣವೂ ಸಿಗಲಿಲ್ಲ.

ಅಕ್ಕ ಆ ಕೆಲಸ ಬಿಟ್ಲು. ಅಂಕಿ ಹೊಡೆದುಹಾಕಿದ್ದಾಗಿತ್ತು, ಆದ್ರೂ ಉದ್ದಣ್ಣನ ಹೆಂಡತಿ ಎದುರಿಗೆ ಬಂದ್ರೆ ಇವತ್ತಿಗೂ ತಲೆ ಎತ್ತಲ್ಲ.

ಇನ್ನೊಂದಿದೆ... ಆವತ್ತು ಭಾವ ನೀರಿಗೆ ಕೈಯೇ ಹಾಕಿಲ್ವಂತೆ, ದೋಣಿ ಬಿಟ್ಟು ಅಲ್ಲಾಡೇ ಇಲ್ವಂತೆ. ಆದ್ರೆ ಅವರು ಹಾಕ್ಕೊಂಡಿದ್ದ ಕೋಟಿನ ಎಡತೋಳು ಇನ್ನೂ ಒಣಗಿಲ್ಲ. ಬಿಸಿಲಿಗೆ ಹಾಕಿದ್ದಾಯ್ತು, ಇಸ್ತ್ರಿ ಒತ್ತಿದ್ದಾಯ್ತು. ನಂಬಿ, ಬಿಡಿ... ಹೋದ ವಾರ ನಾನೇ ಕೈಯಾರೆ ಹಿಂಡಿದೀನಿ. ನೀರು ಬಂತು.