ನಾಲ್ಕು ಹತ್ತರ ರುಜು

ಪೆನ್ಸಿಲ್ ಕೈಗೆ ಬಂದ್ರೆ ಸಾಕು, ನಮ್ಮ ಮೇಷ್ಟ್ರು ಮೊದಲು ಅದರ ಮೊನೆಯನ್ನ ನಾಲಿಗೆಗೆ ಮುಟ್ಟಿಸೋರು. ಆಮೇಲೆ ರುಜು. ರೇಷನ್ ಪಟ್ಟಿಗಾಗಲಿ, ನಮ್ಮ ರಜೆ ಅರ್ಜಿಗಾಗಲಿ... ಯಾಕಮ್ಮ ನಗ್ತೀರ? ಆಗ ಸೈನ್ಯದಲ್ಲಿ ಕೊಡ್ತಿದ್ದ ಪೆನ್ಸಿಲ್ಲೇ ಹಾಗಿತ್ತು. ಒಣಗಿದ್ರೆ ಬೂದಿ ಬಣ್ಣ, ಎಂಜಲು ತಾಗಿದ್ರೆ ನೇರಳೆ. ಬೂದಿ ಬಣ್ಣದ್ದು ರಬ್ಬರಿಗೆ ಹೋಗುತ್ತೆ, ನೇರಳೆ ಹೋಗಲ್ಲ. ‘ಅಳಿಸಿಹೋಗೋ ರುಜು ನನ್ನದಲ್ಲ ಕಣೋ’ ಅನ್ನೋರು. ನಾಲಿಗೆ ತುದಿ ಯಾವಾಗ್ಲೂ ನೇರಳೆ ಹಣ್ಣು ತಿಂದ ಹಾಗೆ.

ಸೈನ್ಯಕ್ಕೆ ಸೇರೋ ಮುಂಚೆ ನಿಜವಾಗ್ಲೂ ಶಾಲೆ ಮೇಷ್ಟ್ರೇ ಅವರು. ಪ್ಲಟೂನಿನ ನಾಯಕರಾದ ಮೇಲೂ ಬೆಳಗಾದ್ರೆ ನಮ್ಮ ಹಾಜರಿ ಕೂಗೋರು. ಅಂಥವರ ಬಗ್ಗೆ ನೀವು ಬರೆದಿರೋದೇನು? ಇರಿ, ಕನ್ನಡಕ ಹಾಕ್ಕೋತೀನಿ. ಹಳಬರೆಲ್ಲ ಓದಿ ತಪ್ಪಿದ್ರೆ ಹೇಳಲಿ ಅಂತ ನೀವೇ ತಾನೆ ಈ ಯುದ್ಧ ಚರಿತ್ರೆಯ ಕರಡು ಕಳಿಸಿದ್ದು? ಕೇಳಿ. ‘ಹಿಂದೆ ಸರಿಯುವ ಆಜ್ಞೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೈಸೇರಿದರೂ ಪ್ಲಟೂನಿನ ನಾಯಕರು ಅದನ್ನು ಪಾಲಿಸಲಿಲ್ಲ. ಅವರ ಹಠದಿಂದಾಗಿ ಅವರೂ ಸೇರಿ ಹದಿನೆಂಟು ಮಂದಿ ಯೋಧರು ಹೊಳೆಯಾಚೆ ಉಳಿದು ಪ್ರಾಣ ತೆತ್ತರು.’

ಹಠ! ಒಂದೇ ಪದ. ಫ್ಯಾನಿನ ಕೆಳಗೆ ಕೂತು ಬರೆಯೋಕೆ ಎಷ್ಟು ಹೊತ್ತು ಬೇಕಾಯ್ತು ನಿಮಗೆ? ಮೇಷ್ಟ್ರಿಗೆ ಹಠ ಇತ್ತೇ ಹೊರತು ಮೇಲಿನವರ ಮಾತು ಮೀರೋ ಜಾತಿ ಅಲ್ಲ ಅವರು. ಸೋಮವಾರ ಇದು ಅಚ್ಚಿಗೆ ಹೋಗುತ್ತೆ. ಆಮೇಲೆ ವೇದಿಕೆ ಮೇಲೆ ಮೊದಲ ಪ್ರತಿ ಅವರ ಹೆಂಡತಿ ಕೈಗೆ ಕೊಡ್ತೀರಂತೆ. ಆ ಅಕ್ಕ ಶಾಲು ಹೊದ್ದು ಮನೆಗೆ ಹೋಗಿ ಈ ಪುಟ ಓದಬೇಕಾ? ನಾಚಿಕೆ ಆಗಬೇಕು ನಿಮ್ಮ ಕಚೇರಿಗೆ.

ಇಲ್ಲ, ಕೂಗಾಡ್ತಿಲ್ಲ. ನನ್ನ ಗಂಟಲೇ ಹೀಗೆ. ನೀರು ಬೇಡ.

ಒಂದು ಸಾಲು ತಿದ್ದಿ, ಸಾಕು. ‘ಆಜ್ಞೆ ತಲುಪಲಿಲ್ಲ’ ಅಂತ. ಯುದ್ಧದಲ್ಲಿ ಎಷ್ಟೋ ಚೀಟಿ ತಲುಪಲ್ಲ, ಓದಿದವರಿಗೆ ಗೊತ್ತಾಗುತ್ತೆ... ಆಧಾರನಾ? ಆಧಾರ ಕೇಳೋಕೆ ಇದೇನು ಕೋರ್ಟಾ? ಆ ದಿನ ಅಲ್ಲಿದ್ದವರಲ್ಲಿ ಉಳಿದಿರೋದು ನಾನೊಬ್ಬ. ಹೌದು, ಚೀಟಿ ಒಯ್ದ ರನ್ನರ್ ನಾನೇ. ಕ್ರಮ ಹೇಗಿತ್ತು ಅಂದ್ರೆ, ರನ್ನರ್ ಚೀಟಿ ಒಯ್ಯಬೇಕು, ಕೈಗೆ ತಗೊಂಡವರು ಅದರ ಕೆಳಗೇ ಹೊತ್ತು ಬರೆದು ರುಜು ಹಾಕಬೇಕು, ಅದನ್ನ ವಾಪಸ್ ತಂದು ಒಪ್ಪಿಸಬೇಕು. ರುಜು ಬಂತು ಅಂದ್ರೆ ಆಜ್ಞೆ ತಲುಪಿತು ಅಂತ ಲೆಕ್ಕ. ನಾನು ಒಯ್ದೆ. ತಂದೆ. ಒಪ್ಪಿಸಿದೆ. ಐದರವರೆಗೆ ಕಾದು, ಆಮೇಲೆ ನಮ್ಮವರೇ ಸೇತುವೆ ಉಡಾಯಿಸಿದ್ರು. ಇನ್ನೇನು ಬೇಕು ನಿಮಗೆ?

ಆ ಪೆಟ್ಟಿಗೆ ಯಾಕೆ ತೆಗೀತಿದ್ದೀರ?

ಇದು... ಇದೆಲ್ಲಿತ್ತು? ಕಡತ ಎಲ್ಲ ಸುಟ್ಟುಹೋಯ್ತು ಅಂದಿದ್ರು. ಆ ವರ್ಷವೇ ಅಂದಿದ್ರು.

ಹೌದು, ಅದೇ ಚೀಟಿ. ನಾಲ್ಕು ಹತ್ತು. ಕೆಳಗೆ ರುಜು... ಮೇಷ್ಟ್ರದ್ದೇ. ಇಟ್ಟುಬಿಡಿ ಒಳಗೆ. ಹಳೇ ಕಾಗದ, ಮುಟ್ಟಿದ್ರೆ ಹರಿಯುತ್ತೆ. ಕಿಟಕಿ ಹತ್ತಿರ ಯಾಕೆ ಒಯ್ತೀರ? ಬೆಳಕಲ್ಲಿ ನೋಡೋಕೆ ಅದರಲ್ಲೇನಿದೆ?

ಭೂತಗನ್ನಡಿ ಬೇರೆ ಯಾಕೆ?

ಒಮ್ಮೆ ಚೀಟಿ, ಒಮ್ಮೆ ನನ್ನ ಮುಖ ನೋಡಿದ್ರೆ ನಾನೇನು ಹೇಳ್ಲಿ? ನೇರಳೆ ಮಾಸಿ ಬೂದಿ ಆಗಿರುತ್ತೆ. ನಲವತ್ತು ವರ್ಷಕ್ಕೆ ಯಾವ ಬಣ್ಣ ಮಾಸಲ್ಲ... ಗೊತ್ತಮ್ಮ, ನೇರಳೆ ಹೋಗಲ್ಲ ಅಂತ ನಾನೇ ಅಂದೆ. ಈಗ ತಾನೇ, ಇದೇ ಬಾಯಲ್ಲಿ.

ಸೇತುವೆ ದಾಟಿದ್ದೆ. ದೇವರಾಣೆ ದಾಟಿದ್ದೆ. ಆಚೆ ದಡದಲ್ಲಿ ಒಂದು ಇಟ್ಟಿಗೆ ಗೂಡು, ಅದರಾಚೆ ಬಯಲು, ಬಯಲಾಚೆ ಮೇಷ್ಟ್ರು. ಬಯಲಿಗೆ ಗುಂಡು ಬೀಳ್ತಿತ್ತು. ಸ್ವಲ್ಪ ನಿಂತಮೇಲೆ ಹೋಗೋಣ ಅಂತ ಗೂಡಿನೊಳಗೆ ಕೂತೆ. ಸ್ವಲ್ಪ ಅಂದ್ರೆ ಎಷ್ಟು, ಗೊತ್ತಿಲ್ಲ. ನಾನು ಏಳಲೇ ಇಲ್ಲ. ಮೇಷ್ಟ್ರು ಬುದ್ಧಿವಂತರು, ತಾವಾಗೇ ಬಂದುಬಿಡ್ತಾರೆ ಅಂದ್ಕೊಂಡೆ. ಅವರೋ, ಆಜ್ಞೆ ಇಲ್ಲದೆ ಹೆಜ್ಜೆ ಕೀಳೋರಲ್ಲ. ಅದೂ ಗೊತ್ತಿತ್ತು ನನಗೆ. ಬರಿಗೈಲಿ ವಾಪಸ್ ಹೋದ್ರೆ ಏನು ಹೇಳ್ಲಿ? ಜೇಬಲ್ಲಿ ಪೆನ್ಸಿಲ್ ಇತ್ತು. ಅವರ ರುಜು ದಿನಾ ನೋಡಿದ ಕೈ ಇದು. ಪೆನ್ಸಿಲ್ಲನ್ನ ನಾಲಿಗೆಗೂ ಮುಟ್ಟಿಸಿದೆ. ಎರಡು ಸಲ, ಮೂರು ಸಲ... ಬಾಯಲ್ಲಿ ಎಂಜಲೇ ಇರ್ಲಿಲ್ಲ.

ಆ ರುಜು ನಂಬಿ ನಮ್ಮವರು ಈಚೆ ದಡದಲ್ಲಿ ಕಾದ್ರು. ಅದನ್ನೇ ನಂಬಿ ಸೇತುವೆ ಉಡಾಯಿಸಿದ್ರು.

‘ತಲುಪಲಿಲ್ಲ’ ಅಂತ ಒಂದು ಪದ ಹಾಕಿಸಿಬಿಟ್ರೆ ಮೇಷ್ಟ್ರೂ ಉಳೀತಾರೆ, ನಾನೂ ಉಳೀತೀನಿ ಅಂತ ಬಂದೆ. ಬಸ್ಸಲ್ಲಿ ದಾರಿಯುದ್ದಕ್ಕೂ ನಿಮ್ಮನ್ನ ಬೈದುಕೊಂಡೇ ಬಂದೆ.

ಆ ಪೆನ್ನಿಗೆ ಮುಚ್ಚಳ ಹಾಕಬೇಡಿ. ಬರ್ಕೊಳ್ಳಿ. ರುಜು ರನ್ನರಿನದು ಅಂತ. ಕೆಳಗೆ ನನ್ನ ರುಜು ಹಾಕ್ತೀನಿ, ಶಾಯಿಯಲ್ಲೇ... ಆದ್ರೆ ಅಕ್ಕ ಇದನ್ನ ಪುಸ್ತಕದಲ್ಲಿ ಓದಬಾರದು. ಮೊದಲು ಮನೆಗೆ ಹೋಗಿ ಹೇಳಬೇಕು. ವರ್ಷಕ್ಕೊಂದು ಸಲ ಹೋಗ್ತೀನಮ್ಮ ಆ ಮನೆಗೆ. ‘ಅವರ ಜೊತೆಗಿದ್ದವನು’ ಅಂತ ನನಗಂತಲೇ ಒಂದು ಲೋಟ ಎತ್ತಿಟ್ಟಿದ್ದಾರೆ, ಮೇಷ್ಟ್ರದೇ ಲೋಟ. ಒಬ್ಬನೇ ಹೋದ್ರೆ ಮತ್ತೆ ಗೂಡಲ್ಲಿ ಕೂತುಬಿಡ್ತೀನಿ, ನನಗೆ ಗೊತ್ತು. ನೀವೇನೂ ಮಾತಾಡೋದು ಬೇಡ. ಬಾಗಿಲವರೆಗೆ ಸಾಕು.

ಬರ್ತೀಯಾ ತಾಯಿ, ನನ್ನ ಜೊತೆ?